ಸೀಳಿಲ್ಲದ ಭ

ಜನವರಿ ೧೧

ಜೀರಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನೀನು ಈ ಕಡೆ ಮುಖ ಹಾಕಿ ಆರು ವರ್ಷವಾಯಿತು, ಬರೆಯುವುದೂ ವರ್ಷಕ್ಕೊಂದು ಕಾರ್ಡು. ಜಗಳ ತೆಗೆಯಲು ಬರೆಯುತ್ತಿಲ್ಲ, ಕೆಲಸವಿದೆ. ಫೋನಿನಲ್ಲಿ ಈಗ ಗುಂಯ್ ಎನ್ನುವುದು ಬಿಟ್ಟರೆ ನನಗೇನೂ ಕೇಳದು. ಮೂವತ್ತೆಂಟು ವರ್ಷ ಊರಿಗೆ ನೀರು ತಳ್ಳುವ ಐದು ಪಂಪುಗಳ ಮಧ್ಯೆ ನಿಂತವನ ಕಿವಿ, ಇನ್ನೇನಾದೀತು. ನಿನ್ನ ಅತ್ತಿಗೆ ಮಾತ್ರ ಇದನ್ನು ಒಪ್ಪುವುದಿಲ್ಲ. "ರೀ, ಬೇಕಾದ್ದೆಲ್ಲ ನಿಮಗೆ ಚೆನ್ನಾಗೇ ಕೇಳ್ಸತ್ತೆ. ಬೇಡದ್ದಕ್ಕೆ ಮಾತ್ರ ಕೇಳಿಸ್ಲಿಲ್ಲ ಅಂತೀರ" ಎನ್ನುತ್ತಾಳೆ. ಅರ್ಧ ನಿಜ. ಮಾರ್ಕೆಟ್ಟಿಗೆ ಹೋಗಿ ಬನ್ನಿ ಎಂದರೆ ನನಗೆ ಕೇಳಿಸುವುದಿಲ್ಲ.

ವಿಷಯ ಇಷ್ಟು. ಮೇ ಮೂವತ್ತೊಂದಕ್ಕೆ ನನಗೆ ನಿವೃತ್ತಿ. ಆಮೇಲೆ ಎರಡು ತಿಂಗಳೊಳಗೆ ಈ ಕ್ವಾರ್ಟರ್ಸ್ ಬಿಡಬೇಕು. ಅತ್ತಿಗೆಯ ಮಂಡಿ ಪೂರ್ತಿ ಸವೆದಿದೆ, ಒಂದು ಹೊಸಿಲು ದಾಟುವುದಕ್ಕೂ ಗೋಡೆ ಹಿಡಿಯುತ್ತಾಳೆ. ಹಾಗಾಗಿ ನೆಲಮಟ್ಟದ ಮನೆಯೇ ಬೇಕು ಎಂದು ಹುಡುಕಿ ಹುಡುಕಿ, ದರ್ಜಿ ಅಂಗಡಿಯ ಹಿಂದೆ ಎರಡು ಕೋಣೆ ನೋಡಿದ್ದೇನೆ. ಒಂದೂ ಮೆಟ್ಟಿಲಿಲ್ಲ. ಬಾಗಿಲು ತೆರೆದರೆ ಬೀದಿ, ಬೀದಿಯಾಚೆ ಆಸ್ಪತ್ರೆ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. "ಗೋಡೆ ಮುಟ್ಲಿಲ್ಲ ನೋಡಿ" ಎಂದಳು. ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು ಕಣೇ.

ಬಾಡಿಗೆ ಸ್ವಲ್ಪ ಮೇಲೆ. ನನ್ನ ಪಿಂಚಣಿಗೆ ಆಗುತ್ತದೆ ಎಂದು ಮನೆ ಮಾಲೀಕರಿಗೆ ಮಾತು ಕೊಟ್ಟುಬಿಟ್ಟೆ. ಈಗ ನಮ್ಮ ಗುಮಾಸ್ತ ಹೊಸ ರಾಗ ತೆಗೆದಿದ್ದಾನೆ. ಪಂಪ್‌ಹೌಸಿನ ಗದ್ದಲಕ್ಕೆ ಅಂತ ತಿಂಗಳು ತಿಂಗಳು ಸಂಬಳದ ಜೊತೆ ಬರುವ ಹಣ ಇದೆಯಲ್ಲ, ಅದು ನನ್ನ ಪಿಂಚಣಿಗೆ ಸೇರುವುದಿಲ್ಲವಂತೆ. ಸಂಬಳದ ಮೂರನೇ ಒಂದು ಪಾಲು ಅದು! ಅದು ಹೋದರೆ ಮನೆಯೂ ಹೋಯಿತು. ಕಡತ ಹೇಗೂ ನಿಮ್ಮ ಪಿಂಚಣಿ ಕಚೇರಿಗೇ ಬರುತ್ತದೆ. ನೀನು ಒಂದು ಮಾತು ನೋಡಿ ಹೇಳು. ತಂಗಿಯನ್ನು ಓದಿಸಿದ್ದಕ್ಕೆ ಇಷ್ಟಾದರೂ ಬೇಡವೇ!

ನಿನ್ನ ಅಣ್ಣ


ಫೆಬ್ರವರಿ ೨

ಅಣ್ಣನಿಗೆ,

ಉತ್ತರ ತಡವಾಯಿತು. ಇಲ್ಲಿ ಕೆಲಸ ಹೆಚ್ಚು.

ನಿಯಮವನ್ನು ಸರಳವಾಗಿ ಹೇಳುತ್ತೇನೆ. ಸಂಬಳದ ಚೀಟಿಯಲ್ಲಿ 'ವೇತನ' ಎಂದು ಇರುವುದೆಲ್ಲ ಪಿಂಚಣಿಗೆ ಸೇರುತ್ತದೆ. 'ಭತ್ಯೆ' ಎಂದು ಇರುವುದು ಸೇರುವುದಿಲ್ಲ. ವೇತನ ಎಂದರೆ ಮಾಡಿದ ಕೆಲಸಕ್ಕೆ ಕೊಡುವುದು. ಭತ್ಯೆ ಎಂದರೆ ಆ ಹೊತ್ತಿನ ಖರ್ಚಿಗೋ ಕಷ್ಟಕ್ಕೋ ಕೊಡುವುದು. ಕಷ್ಟ ಮುಗಿದ ಮೇಲೆ ಭತ್ಯೆಯೂ ಮುಗಿಯುತ್ತದೆ ಎಂಬುದು ಇದರ ಹಿಂದಿನ ಆಲೋಚನೆ. ನಿನ್ನ ಚೀಟಿಯಲ್ಲಿ ಏನಿದೆ ಎಂಬುದು ಕಡತ ಬಂದ ಮೇಲೆ ತಿಳಿಯುತ್ತದೆ. ಮನೆ ಮಾಲೀಕರಿಗೆ ಮುಂಗಡ ಕೊಟ್ಟಿಲ್ಲದಿದ್ದರೆ ಸದ್ಯಕ್ಕೆ ಕೊಡಬೇಡ.

ಅತ್ತಿಗೆಯ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೀರಾ?

ಇತಿ,
ತಂಗಿ


ಫೆಬ್ರವರಿ ೧೪

ಜೀರಿಗೆ,

ನಿನ್ನ ಪತ್ರ ಓದಿದೆ. ಅದನ್ನು ಬರೆದದ್ದು ನೀನೋ ನಿಮ್ಮ ಕಚೇರಿಯ ರಬ್ಬರ್ ಸ್ಟಾಂಪೋ ಗೊತ್ತಾಗಲಿಲ್ಲ.

ಕಷ್ಟ ಮುಗಿದ ಮೇಲೆ ಭತ್ಯೆಯೂ ಮುಗಿಯುತ್ತದೆ ಎಂದು ಬರೆದಿದ್ದೀಯ. ಬಹಳ ಚೆನ್ನಾಗಿದೆ. ಹಾಗಾದರೆ ಜೂನ್ ಒಂದನೇ ತಾರೀಕು ನನ್ನ ಕಿವಿ ವಾಪಸ್ ಬರುತ್ತದೆಯೇ? ಎಷ್ಟು ಗಂಟೆಗೆ ಬರುತ್ತದೆ ಎಂದು ನಿಮ್ಮ ಸಾಹೇಬರನ್ನು ಕೇಳಿ ಹೇಳು, ಅವತ್ತು ಮನೆಯಲ್ಲೇ ಇರುತ್ತೇನೆ. ಕಿವಿ ಹೋದದ್ದು ಕಾಯಂ, ಅದಕ್ಕೆ ಕೊಟ್ಟ ದುಡ್ಡು ಮಾತ್ರ ಆ ಹೊತ್ತಿನದ್ದು. ಯಾವ ಊರಿನ ನ್ಯಾಯ ಇದು?

ಇನ್ನೊಂದು ಕೇಳು. ನನ್ನ ಜೊತೆ ಪಂಪಿಗೆ ಎಣ್ಣೆ ಬಿಡುತ್ತಿದ್ದನಲ್ಲ, ನೀನು 'ಗ್ರೀಸ್ ಮಾಮ' ಎನ್ನುತ್ತಿದ್ದೆ, ಅವನು ಹೋದ ವರ್ಷ ನಿವೃತ್ತನಾದ. ಅವನಿಗೆ ಅದೇ ದುಡ್ಡು ಪಿಂಚಣಿಗೆ ಸೇರಿದೆ! ನಾನೂ ಅವನೂ ಒಂದೇ ಬೆಂಚಿನ ಮೇಲೆ ಕೂತು ಉಂಡವರು, ಒಂದೇ ಪಂಪಿನ ಮುಂದೆ ಕಿವುಡಾದವರು. ಗುಮಾಸ್ತನನ್ನು ಕೇಳಿದರೆ, ಮೂವತ್ತು ವರ್ಷದ ಹಿಂದೆ ಯಾವುದೋ ಆಯ್ಕೆ ಪತ್ರ ಬಂದಿತ್ತು, ಅದರಲ್ಲಿ ಗ್ರೀಸ್ ಒಂದು ಬರೆದ, ನೀವು ಇನ್ನೊಂದು ಬರೆದಿರಿ ಎನ್ನುತ್ತಾನೆ. ನಾನೆಲ್ಲಿ ಬರೆದೆ? ಅಂಥದ್ದೊಂದು ಪತ್ರ ನನ್ನ ಕೈಗೆ ಬಂದ ನೆನಪೇ ಇಲ್ಲ ನನಗೆ. ಪತ್ರಗಿತ್ರ ಎಲ್ಲ ಆಗ ನೀನೇ ಬರೆಯುತ್ತಿದ್ದೆ, ನಾನು ರುಜು ಗೀಚುತ್ತಿದ್ದೆ. ನಾಲ್ಕನೇ ಕ್ಲಾಸಿನವನಿಗೆ ಕಚೇರಿ ಭಾಷೆ ಎಲ್ಲಿ ಅರ್ಥವಾಗಬೇಕು. ನಿನಗೇನಾದರೂ ನೆನಪಿದೆಯಾ?

ಶಾಖ ಕೊಡುತ್ತಿದ್ದೇವೆ. ಶಾಖಕ್ಕೆ ಮಂಡಿ ಬಗ್ಗುವುದಿಲ್ಲ, ನೀರು ಮಾತ್ರ ತಣ್ಣಗಾಗುತ್ತದೆ. ಮನೆ ಮಾಲೀಕರು ಎರಡು ಸಲ ಹೇಳಿಕಳಿಸಿದರು. ನನಗೆ ಕೇಳಿಸಲಿಲ್ಲ ಎಂದಿದ್ದೇನೆ.

ಅಣ್ಣ


ಮಾರ್ಚ್ ೧೯

ಅಣ್ಣ,

ನಿನ್ನ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆ ಡಬ್ಬಕ್ಕೆ ಹಾಕುತ್ತೇನೆ.

ನಿನ್ನ ಕಡತ ಸೋಮವಾರ ಬಂತು. ರಕ್ತಸಂಬಂಧಿಕರ ಕಡತವನ್ನು ನಾವು ನೋಡುವಂತಿಲ್ಲ, ಪಕ್ಕದ ಮೇಜಿಗೆ ಕೊಡಬೇಕು. ಕೊಟ್ಟೆ. ಕೊಡುವ ಮೊದಲು ತೆರೆದು ನೋಡಿದೆ. ಏನಿರುತ್ತದೆ ಎಂದು ನನಗೆ ಗೊತ್ತಿತ್ತು.

ಆಯ್ಕೆ ಪತ್ರ ಇದೆ. 'ಈ ಮೊತ್ತವನ್ನು ಇನ್ನು ಮುಂದೆ ನಾನು ______ ಎಂದು ಪಡೆಯಲು ಇಚ್ಛಿಸುತ್ತೇನೆ' ಎಂದು ಅಚ್ಚಾಗಿದೆ. ಖಾಲಿ ಜಾಗದಲ್ಲಿ 'ವಿಶೇಷ ವೇತನ' ಅಥವಾ 'ವಿಶೇಷ ಭತ್ಯೆ', ಎರಡರಲ್ಲೊಂದನ್ನು ಕೈಯಲ್ಲಿ ಬರೆಯಬೇಕು. ಅಲ್ಲಿ 'ವಿಶೇಷ ಬತ್ಯೆ' ಎಂದಿದೆ. ಬ ಅಕ್ಷರ, ಕೆಳಗೆ ಸೀಳಿಲ್ಲ. ನಾನು ಭ-ಕ್ಕೆ ಸೀಳು ಹಾಕುತ್ತಿರಲಿಲ್ಲ ಎಂದು ನಮ್ಮ ಮೇಷ್ಟ್ರು ಎಷ್ಟು ಸಲ ಬೆರಳ ಗಂಟಿಗೆ ಹೊಡೆದಿದ್ದರು, ನಿನಗೆ ನೆನಪಿರಬಹುದು. ನೀನೇ ಅವರ ಹತ್ತಿರ ಜಗಳಕ್ಕೆ ಹೋಗಿದ್ದೆ. ಅದರ ಕೆಳಗೆ ನಿನ್ನ ರುಜು, ಗ್ರೀಸ್ ಮೆತ್ತಿದ ನಿನ್ನ ಹೆಬ್ಬೆಟ್ಟಿನ ಗುರುತಿನ ಸಮೇತ.

ಅವತ್ತು ನೀನು ಪಾಳಿ ಮುಗಿಸಿ ಬಂದಿದ್ದೆ. ಅತ್ತಿಗೆ ಒಲೆಯ ಮುಂದಿದ್ದರು. ಪಕ್ಕದ ಪಂಪ್‌ಹೌಸಿನಲ್ಲಿ ಪಂಪು ತಿರುಗಿದ್ದಕ್ಕೆ ಕಪಾಟಿನ ಲೋಟಗಳು ಎಂದಿನಂತೆ ಅದುರುತ್ತಿದ್ದವು. "ಜೀರಿಗೆ, ಇದೇನೋ ಕೊಟ್ಟಿದ್ದಾರೆ, ನಾಳೆನೇ ಬೇಕಂತೆ, ನೋಡು" ಎಂದೆ. ನಾನು ಹಿಂಬದಿಯ ಸೂಚನೆಯನ್ನು ಎರಡು ಸಲ ಓದಿದೆ. ವೇತನ ಎಂದು ಬರೆದರೆ ತಿಂಗಳು ತಿಂಗಳು ಪಿಂಚಣಿ ನಿಧಿಗೆ ಒಂದು ಪಾಲು ಹಿಡಿಯುತ್ತಾರೆ. ಭತ್ಯೆ ಎಂದು ಬರೆದರೆ ಪೂರ್ತಿ ಕೈಗೆ ಬರುತ್ತದೆ, ಆದರೆ ಪಿಂಚಣಿಗೆ ಎಣಿಕೆಯಿಲ್ಲ. ಸ್ಪಷ್ಟವಾಗಿ ಅಚ್ಚಾಗಿತ್ತು. ಅವತ್ತು ನನ್ನ ಪುಸ್ತಕದ ಕೆಳಗೆ ಕಾಲೇಜಿನ ಶುಲ್ಕದ ಚೀಟಿ ಇತ್ತು. ನಿನಗೆ ತೋರಿಸಲು ಎರಡು ದಿನದಿಂದ ಹೆದರುತ್ತಿದ್ದೆ.

"ಏನಂತೆ ಅದು?" ಎಂದು ಕೇಳಿದೆ ನೀನು. "ಎರಡೂ ಒಂದೇ ಅಣ್ಣ, ಹೆಸರು ಬೇರೆ ಅಷ್ಟೆ. ಇದು ಬರದ್ರೆ ಕೈಗೆ ಸ್ವಲ್ಪ ಜಾಸ್ತಿ ಬರತ್ತೆ" ಎಂದೆ.

ಹದಿನಾರು ವರ್ಷದ ಹುಡುಗಿಗೆ ಏನು ಗೊತ್ತಿತ್ತು ಎಂದು ನೀನು ಹೇಳುತ್ತೀಯ. ಗೊತ್ತಿತ್ತು ಅಣ್ಣ. ಅರವತ್ತು ಎನ್ನುವುದು ಬಹಳ ದೂರ ಇದೆ ಎಂದುಕೊಂಡೆ, ಅಷ್ಟೆ. ಆಮೇಲೆ ಮರೆತೆ. ಆರು ವರ್ಷದ ಹಿಂದೆ ನನ್ನನ್ನು ಈ ವಿಭಾಗಕ್ಕೆ ಹಾಕಿದರು. ಮೊದಲ ವಾರವೇ ಪಂಪ್‌ಹೌಸಿನವರೊಬ್ಬರ ಕಡತ ಬಂತು, ಅದರಲ್ಲಿ ಅದೇ ಪತ್ರ. ಅವತ್ತಿನಿಂದ ನಿನ್ನ ಮುಖ ನೋಡಲು ಆಗಲಿಲ್ಲ. ರಜೆ ಸಿಗಲಿಲ್ಲ, ಮಗುವಿಗೆ ಜ್ವರ ಎಂದೆಲ್ಲ ಕಾರ್ಡಿನಲ್ಲಿ ಬರೆದದ್ದು ಸುಳ್ಳು.

ದಾರಿ ಒಂದಿದೆ. ಆಯ್ಕೆ ಪತ್ರವನ್ನು ನೌಕರನಿಗೆ ಅರ್ಥವಾಗುವಂತೆ ಓದಿ ಹೇಳಿರಬೇಕು, ಹೇಳಿರದಿದ್ದರೆ ಅದು ನಿಲ್ಲುವುದಿಲ್ಲ ಎಂದು ನಿಯಮವಿದೆ. ಬರೆದದ್ದು ನಾನು, ತಪ್ಪು ಹೇಳಿದ್ದೂ ನಾನು ಎಂದು ನನ್ನ ಹೇಳಿಕೆ ಬರೆದು ಮೇಲಧಿಕಾರಿಗೆ ಕೊಟ್ಟಿದ್ದೇನೆ. ನಿನ್ನ ಹೇಳಿಕೆಯೂ ಬೇಕು. ಇದರ ಜೊತೆ ಟೈಪು ಮಾಡಿ ಇಟ್ಟಿದ್ದೇನೆ. 'ನನ್ನ ತಂಗಿ ನನಗೆ ತಪ್ಪು ತಿಳಿವಳಿಕೆ ನೀಡಿ ನನ್ನಿಂದ ರುಜು ಪಡೆದಳು' ಎಂದಿದೆ. ಇಷ್ಟು ವರ್ಷ ಹಿಡಿಯದೆ ಬಿಟ್ಟ ಪಾಲನ್ನು ಈಗ ಕಟ್ಟಬೇಕಾಗುತ್ತದೆ, ಅದನ್ನು ನಾನು ಕಟ್ಟುತ್ತೇನೆ. ನನ್ನ ಕೆಲಸಕ್ಕೆ ಏನಾದರೂ ಆಗುತ್ತದೆಯೇ ಎಂದು ಕೇಳಬೇಡ. ರುಜು ಹಾಕಿ ಕಳಿಸು. ಈ ಸಲ ಓದಿ ಹಾಕು.

ನಿನ್ನ ತಂಗಿ


ಏಪ್ರಿಲ್ ೭

ಜೀರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ನಿನ್ನ ಕಥೆ ಅದಕ್ಕಿಂತ ಕೆಟ್ಟದ್ದು, ಕಳ್ಳ ಎಂದವರೇ ಇಲ್ಲ, ನೀನಾಗಿ ಹೆಗಲು ತಿಕ್ಕಿಕೊಳ್ಳುತ್ತಿದ್ದೀಯ. ಅದೂ ಆರು ವರ್ಷ! ಹುಚ್ಚಿ.

ನೀನು ನನಗೆ ಮೋಸ ಮಾಡಿದೆ ಎಂದುಕೊಂಡಿದ್ದೀಯಾ? ಅಷ್ಟು ಸುಲಭವಾಗಿ ನಿನ್ನ ಬಲೆಗೆ ಬೀಳುವವನೇ ನಾನು? ಈಗ ನೆನಪು ಮಾಡಿಕೊಂಡೆ, ಎಲ್ಲ ನೆನಪಾಯಿತು. ಮರುದಿನ ಬೆಳಿಗ್ಗೆ ಆ ಪತ್ರ ಜೇಬಿನಲ್ಲಿಟ್ಟುಕೊಂಡು ಹೋದೆನಲ್ಲ, ನಮ್ಮ ದೊಡ್ಡ ಮೇಸ್ತ್ರಿ ಪಂಪ್‌ಹೌಸಿನ ಬಾಗಿಲಲ್ಲೇ ನಿಲ್ಲಿಸಿ ಅದನ್ನು ಇಸಿದುಕೊಂಡು ಸಾಲುಸಾಲಾಗಿ ಓದಿ ಹೇಳಿದರು. "ನೋಡಯ್ಯಾ, ಭತ್ಯೆ ಅಂತ ಹಾಕಿದ್ದೀಯ, ಮುಂದೆ ಪಿಂಚಣಿಗೆ ಸೇರಲ್ಲ, ಬೇರೆ ಫಾರಂ ಕೊಡ್ಲಾ?" ಎಂದರು. "ಬೇಡಿ, ಮನೇಲಿ ಓದೋ ಹುಡುಗಿ ಇದ್ದಾಳೆ, ಈಗ ಬರೋದು ಈಗ ಬರ್ಲಿ" ಎಂದು ನಾನೇ ಹೇಳಿದೆ. ಆಮೇಲೆಯೇ ರುಜು ಹಾಕಿದ್ದು. ತಿಳಿದೂ ತಿಳಿದೂ ಮಾಡಿದ್ದು. ನಿನ್ನ ತಪ್ಪೇನೂ ಇಲ್ಲ.

ಹಾಗಾಗಿ ನೀನು ಕಳಿಸಿದ ಟೈಪಿನ ಹಾಳೆಗೆ ನಾನು ರುಜು ಹಾಕುವುದಿಲ್ಲ. ಮೇಲಿನದ್ದನ್ನೇ ನನ್ನ ಕೈಯಾರೆ ಬರೆದು ನಿಮ್ಮ ಮೇಲಧಿಕಾರಿಗೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನನ್ನ ತಂಗಿಯ ಹೇಳಿಕೆಯನ್ನು ಪರಿಗಣಿಸಬಾರದು, ಅವಳಿಗೆ ಆಗ ಚಿಕ್ಕ ವಯಸ್ಸು, ಅವಳು ನೆನಪು ತಪ್ಪಿ ಬರೆದಿದ್ದಾಳೆ ಎಂದೂ ಸೇರಿಸಿದ್ದೇನೆ. ನಾನಂತೂ ಭ-ಕ್ಕೆ ಸೀಳು ಹಾಕಿದ್ದೇನೆ, ಬೇಕಾದರೆ ನೋಡಿಕೋ. ನೀನು ಭತ್ಯೆ ಬರೆಯಲು ಹೋಗಿ ನನಗೇ ಬತ್ತಿ ಇಟ್ಟೆ ಎಂದು ನಿನ್ನ ಅತ್ತಿಗೆಗೆ ಹೇಳಿದೆ. ಅವಳು ನಗಲಿಲ್ಲ. ನಿನ್ನ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಂದು ಸಲ ಓದಿದಳು. ಆಮೇಲೆ, "ಮೊದ್ಲು ಹೋಗಿ ಪೋಸ್ಟಿಗೆ ಹಾಕ್ಬನ್ನಿ, ಕೂಸು ಆರು ವರ್ಷದಿಂದ ಒಳಗೇ ಬೇಯ್ತಾ ಇದೆ" ಎಂದಳು. ಆ ಮಾತು ಮಾತ್ರ ನನಗೆ ಒಂದೇ ಸಲಕ್ಕೆ ಕೇಳಿಸಿತು.

ದುಡ್ಡು ಕಳಿಸುತ್ತೇನೆ ಎಂದು ಬರೆಯಬೇಡ. ಕಳಿಸಿದರೆ ವಾಪಸ್ ಬರುತ್ತದೆ, ಅಂಚೆ ಖರ್ಚು ನಿನ್ನದೇ.

ಅಣ್ಣ


ಜೂನ್ ೨೧

ಅಣ್ಣ,

ಆದೇಶ ಆಗಿದೆ. ಪ್ರತಿ ನಿನಗೂ ಬಂದಿರಬೇಕು. 'ನೌಕರರು ಆಯ್ಕೆಯ ಪರಿಣಾಮವನ್ನು ಅರಿತೇ ರುಜು ಮಾಡಿರುವುದಾಗಿ ಸ್ವತಃ ಒಪ್ಪಿರುವುದರಿಂದ ವಿಶೇಷ ಭತ್ಯೆಯನ್ನು ಪಿಂಚಣಿಗೆ ಪರಿಗಣಿಸಿಲ್ಲ.' ಮೇಲಧಿಕಾರಿ ನನ್ನನ್ನು ಕರೆದು, ನಾನು ಬರೆದುಕೊಟ್ಟ ಹಾಳೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ನಿಮ್ಮಣ್ಣ ಒಳ್ಳೇ ಮನುಷ್ಯ ಕಣಮ್ಮ, ಸುಮ್ನೆ ತಲೆ ಕೆಡಿಸ್ಕೊಂಡಿದ್ದೀರ" ಎಂದರು. ನನ್ನ ಮೇಲೆ ಏನೂ ಇಲ್ಲ. ಒಂದು ಗೆರೆಯೂ ಇಲ್ಲ.

ಏಪ್ರಿಲ್‌ನಲ್ಲಿ ನಿನ್ನ ಪತ್ರ ಬಂದ ದಿನ ನಾನು ಅತ್ತೆ. ನಿಜವಾಗಿ ಹಗುರವಾಗಿ ಅತ್ತೆ. ಎರಡು ತಿಂಗಳು ಚೆನ್ನಾಗಿದ್ದೆ. ನಿಮ್ಮನ್ನು ನೋಡಲು ಬರುವುದೆಂದು ಮಗಳಿಗೂ ಹೇಳಿದ್ದೆ.

ಹೋದ ವಾರ ದೊಡ್ಡ ಮೇಸ್ತ್ರಿಯವರ ಹೆಂಡತಿ ಕಚೇರಿಗೆ ಬಂದಿದ್ದರು. ಮೇಸ್ತ್ರಿ ತೀರಿಕೊಂಡ ಮೇಲೆ ಅವರಿಗೆ ಬರುತ್ತಿರುವ ಕುಟುಂಬ ಪಿಂಚಣಿಯಲ್ಲಿ ಏನೋ ತಿದ್ದುಪಡಿ ಇತ್ತು. ಕಡತ ತೆಗೆದೆ. ಅಣ್ಣ, ಮೇಸ್ತ್ರಿ ನಿಮ್ಮ ಪಂಪ್‌ಹೌಸಿಗೆ ವರ್ಗವಾಗಿ ಬಂದದ್ದು ನಿನ್ನ ಆಯ್ಕೆ ಪತ್ರದ ತಾರೀಕಿಗೆ ನಾಲ್ಕು ವರ್ಷ ಆದ ಮೇಲೆ. ಅವತ್ತು ಅವರು ಬೇರೆ ಊರಲ್ಲಿ ಇದ್ದರು. ಪತ್ರ ಓದಿ ಹೇಳಲು ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ಸಾಕ್ಷಿಗೆ ನೀನು ಸತ್ತವರನ್ನೇ ಹುಡುಕಿದೆ, ಬಂದು ಅಲ್ಲ ಅನ್ನುವುದಿಲ್ಲ ಎಂದು. ತಾರೀಕು ನೋಡುವುದೇ ನಿನ್ನ ತಂಗಿಯ ಹೊಟ್ಟೆಪಾಡು ಎಂಬುದನ್ನು ಮರೆತೆ. ಫೆಬ್ರವರಿಯಲ್ಲಿ ನೀನೇ ಬರೆದಿದ್ದೀಯ, ಅಂಥ ಪತ್ರ ಕೈಗೆ ಬಂದ ನೆನಪೇ ಇಲ್ಲ ಎಂದು. ಆ ಪತ್ರ ನನ್ನ ಹತ್ತಿರ ಇದೆ.

ನೀನು ನನ್ನನ್ನು ನಂಬಿ ರುಜು ಹಾಕಿದ್ದೆ. ಅಷ್ಟೇ ನಡೆದದ್ದು. ಈಗ ನನ್ನನ್ನು ಉಳಿಸಲು ಅತ್ತಿಗೆಯ ಮನೆಯನ್ನು ಕೊಟ್ಟುಬಿಟ್ಟೆ.

ಜುಲೈ ಮೂವತ್ತೊಂದರವರೆಗೆ ಮೇಲ್ಮನವಿಗೆ ಅವಕಾಶವಿದೆ. ಮೇಸ್ತ್ರಿಯ ತಾರೀಕು, ನಿನ್ನ ಫೆಬ್ರವರಿಯ ಪತ್ರ, ಎರಡನ್ನೂ ಇಟ್ಟರೆ ಯಾರೂ ಇಲ್ಲ ಅನ್ನಲಾರರು. ಆದರೆ ನಿನ್ನ ರುಜು ಇಲ್ಲದೆ ಮೇಲ್ಮನವಿ ಹೋಗುವುದಿಲ್ಲ. ಹಾಳೆ ಇಟ್ಟಿದ್ದೇನೆ. ಈ ಸಲ ತಂಗಿಯ ಹೆಸರು ಎಲ್ಲೂ ಇಲ್ಲ, 'ಬರೆದವರು' ಎಂದಷ್ಟೇ ಇದೆ. ನಿನ್ನ ಕಾಲಿಗೆ ಬೀಳುತ್ತೇನೆ, ನಿಜ ಬರೆದು ಕಳಿಸು. ನಾನು ತಪ್ಪು ಮಾಡಿದ್ದೇನೆ ಎಂದು ಒಂದೇ ಒಂದು ಸಲ ನನಗೆ ಹೇಳು. ಬೈ. ಬೈದು ರುಜು ಹಾಕು.

ನಿನ್ನ ಜೀರಿಗೆ


ಆಗಸ್ಟ್ ೧೦

ಜೀರಿಗೆ,

ವಿಳಾಸ ಬದಲಾಗಿದೆ, ಲಕೋಟೆಯ ಮೇಲೆ ಬರೆದಿದ್ದೇನೆ, ಗುರುತು ಮಾಡಿಕೋ. ಜುಲೈ ಕೊನೆಗೆ ಕ್ವಾರ್ಟರ್ಸ್ ಬಿಟ್ಟೆವು. ಬೀಗದ ಕೈ ಗುಮಾಸ್ತನಿಗೆ ಕೊಟ್ಟೆ. ಅವನು ರಶೀದಿ ಕೊಟ್ಟ. ನಾನು ಈ ಸಲ ಓದಿ ರುಜು ಹಾಕಿದೆ.

ದರ್ಜಿ ಅಂಗಡಿಯ ಹಿಂದಿನ ಮನೆಗೆ ಬೇರೆಯವರು ಬಂದರು. ನಮ್ಮದು ಅದೇ ಬೀದಿಯ ತುದಿಯಲ್ಲಿ, ಎರಡನೇ ಮಹಡಿ, ಒಂದು ಕೋಣೆ, ಅಡಿಗೆಗೆ ಒಂದು ಮೂಲೆ. ಮೂವತ್ತೆರಡು ಮೆಟ್ಟಿಲು. ಗ್ರೀಸ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವಳನ್ನು ಹತ್ತಿಸಿದೆವು. ನಾಲ್ಕು ಮೆಟ್ಟಿಲಿಗೊಮ್ಮೆ ಕುರ್ಚಿ ಇಟ್ಟು ಕೂರಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಬಂದ ಮೇಲೆ, "ಸದ್ಯ, ಇನ್ನು ಇಳಿಯೋ ತಾಪತ್ರಯ ಇಲ್ಲ" ಎಂದಳು. ಆಮೇಲೆ ಇಳಿದಿಲ್ಲ. ಡಾಕ್ಟರು ಮೇಲೆ ಬರುವುದಿಲ್ಲ, ಅವಳು ಕೆಳಗೆ ಹೋಗುವುದಿಲ್ಲ, ನಾನು ನಡುವೆ ಔಷಧಿ ಚೀಟಿ ಹಿಡಿದು ಓಡಾಡುತ್ತೇನೆ. ಕಿಟಕಿಯ ಹತ್ತಿರ ಅವಳಿಗೆ ಕುರ್ಚಿ ಹಾಕಿದ್ದೇನೆ. ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡುತ್ತಾಳೆ. ದರ್ಜಿ ಅಂಗಡಿಯ ಕಡೆ ಮಾತ್ರ ಕುರ್ಚಿ ತಿರುಗಿಸುವುದಿಲ್ಲ.

ಇಲ್ಲಿ ಒಂದು ತೊಂದರೆ. ಅಲ್ಲಿ ನನಗೆ ಪಂಪು ಕಿವಿಗೆ ಕೇಳದಿದ್ದರೂ ಪಾದಕ್ಕೆ ಕೇಳುತ್ತಿತ್ತು. ನೆಲ ಅದುರಿದರೆ ಊರಿಗೆ ನೀರು ಹೋಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಇಲ್ಲಿ ಕಪಾಟಿನಲ್ಲಿ ಲೋಟಗಳು ಅಲುಗುವುದಿಲ್ಲ. ಅವುಗಳನ್ನು ನೋಡುತ್ತ ಕೂತರೆ ಏನೋ ನಿಂತುಹೋಯಿತು ಅನ್ನಿಸಿ ಗಾಬರಿಯಾಗಿ ಎದ್ದು ಬಿಡುತ್ತೇನೆ.

ಅತ್ತಿಗೆ ಪಕ್ಕದಲ್ಲೇ ಕೂತು ಇದನ್ನು ಬರೆಸುತ್ತಿದ್ದಾಳೆ. "ನನಗೆ ಇಳಿಯೋಕಾಗಲ್ಲ ಅಂತ ಬರೀರಿ. ಹತ್ತೋಕೆ ಅವಳಿಗೇನು ದಾಡಿ? ಮಗಳನ್ನೂ ಕರ್ಕೊಂಡು ಬಾ ಅನ್ನಿ. ಇನ್ನೂ ಅಳ್ತಾ ಕೂತಿದ್ರೆ ಮಂಡಿ ನೋವು ಅವಳಿಗೇ ಬರ್ಲಿ ಅನ್ನಿ" ಎನ್ನುತ್ತಾಳೆ. ಕೊನೆಯದನ್ನು ಬರೆಯಬೇಡಿ ಎಂದು ಈಗ ಹೇಳುತ್ತಿದ್ದಾಳೆ. ಬರೆದಾಯಿತು.

ಬಾ. ಬಂದವಳು ನಾಲ್ಕು ದಿನ ಇರುವ ಹಾಗೆ ಬಾ. ನಿನ್ನ ಮುಖ ನೋಡಬೇಕು ಕಣೇ ನನಗೆ.

ನಿನ್ನ ಜೂನ್ ತಿಂಗಳ ಪತ್ರ ಬಂದಿತ್ತು. ಮೇಸ್ತ್ರಿ ಅಂತ, ತಾರೀಕು ಅಂತ, ಏನೇನೋ ಬರೆದಿದ್ದೀಯ. ನೀನು ಕಳಿಸಿದ ಹಾಳೆಯನ್ನು ಮಡಿಸಿ, ಅಲುಗುವ ಕುರ್ಚಿಯ ಕಾಲಿನ ಕೆಳಗೆ ಇಟ್ಟಿದ್ದೇನೆ. ಈಗ ಅವಳ ಕುರ್ಚಿ ಗಟ್ಟಿಯಾಗಿ ನಿಂತಿದೆ. ನೀನು ತಪ್ಪು ಮಾಡಿದ್ದೀಯ ಎಂದು ನಾನು ಹೇಳಬೇಕು ಅಂತಲೂ ಏನೋ ಕೇಳಿದ್ದೀಯ.

ನನಗೆ ಕೇಳಿಸಲಿಲ್ಲ.

ನಿನ್ನ ಅಣ್ಣ